ನೆಲಕ್ಕೆ ಬೀಳಬಾರದ ನೀರು

ಪಿಕಪ್ ಗಾಡಿಯ ಕೂಲಂಟ್, ಅಂದರೆ ಎಂಜಿನ್ ಕಾಯದಂತೆ ರೇಡಿಯೇಟರಿಗೆ ತುಂಬುವ ನೀರು, ಇಳಿಸುವುದು ಗ್ಯಾರೇಜಿನಲ್ಲಿ ಯಾರಿಗೂ ಬೇಡವಾದ ಕೆಲಸ. ಆಯಿಲ್ ಇಳಿಸಲು ಒಂದು ಬೋಲ್ಟು ಬಿಚ್ಚಿದರೆ ಸಾಕು, ಕೆಳಗೆ ಬೋಗುಣಿ ಇಟ್ಟು ಚಹಾ ಕುಡಿದು ಬರಬಹುದು. ಕೂಲಂಟ್ ಹಾಗಲ್ಲ. ನಾನು ಹೇಳುತ್ತಿರುವ ಡೀಸೆಲ್ ಪಿಕಪ್ಪಿನಲ್ಲಿ ರೇಡಿಯೇಟರಿನ ಕೆಳಮೂಲೆಗೆ ಪ್ಲಾಸ್ಟಿಕ್ಕಿನ ಒಂದು ತಿರುಪು ಇದೆ. ಅದರ ಮುಂದೆ ಚಾಸಿಯ ಅಡ್ಡಪಟ್ಟಿ, ಕೆಳಗೆ ಕಲ್ಲು ಬಡಿಯದಿರಲೆಂದು ಹಾಕಿದ ತಗಡು. ಬೆನ್ನ ಮೇಲೆ ಮಲಗಿ, ಎರಡು ಬೆರಳು ತೂರಿಸಿ, ಕಣ್ಣಿಗೆ ಕಾಣದ ಆ ತಿರುಪನ್ನು ತಿರುಗಿಸಬೇಕು. ನೀರು ಬಂತೆಂದರೆ ಮೊದಲು ತಗಡಿಗೆ ಬೀಳುತ್ತದೆ, ತಗಡಿನ ತೂತುಗಳಿಂದ ಐದು ಕಡೆ ಇಳಿಯುತ್ತದೆ, ಆರನೆಯ ಧಾರೆ ನಮ್ಮ ಮೊಳಕೈಯಿಂದ ನೇರ ಕಂಕುಳಿಗೆ. ಹಾಗಾಗಿ ನಾವೆಲ್ಲ ಆ ತಿರುಪನ್ನು ಮರೆತೇಬಿಟ್ಟಿದ್ದೆವು. ಕೆಳಗಿನ ದಪ್ಪ ಹೋಸ್ ಪೈಪಿನ ಕ್ಲಿಪ್ಪು ಸಡಿಲಿಸಿ, ಎಳೆದು, ಹಿಂದಕ್ಕೆ ಜಿಗಿಯುವುದು. ಏಳೆಂಟು ಲೀಟರ್ ಒಂದೇ ಏಟಿಗೆ ನೆಲಕ್ಕೆ. ಮೇಲೆ ಎರಡು ಬುಟ್ಟಿ ಮಣ್ಣು ಚೆಲ್ಲಿದರೆ ಕೆಲಸ ಮುಗಿಯಿತು. ನಾನೂ ವರ್ಷಾನುಗಟ್ಟಲೆ ಹಾಗೆಯೇ ಮಾಡಿದವನು. ಅದರಲ್ಲಿ ನಾಚಿಕೆಯೇನೂ ಅನಿಸಿರಲಿಲ್ಲ.

ಬೇಸಿಗೆ ಶುರುವಾದ ದಿನಗಳು. ಬೀಳಗಿಯ ನನ್ನ ಗ್ಯಾರೇಜಿಗೆ ಅನಗವಾಡಿ ಕಡೆಯ ಒಂದು ಪಿಕಪ್ಪು ಬಾನೆಟ್ಟಿನಿಂದ ಹೊಗೆಯಾಡುತ್ತ ಬಂದು ನಿಂತಿತು. ಗಾಡಿ ಓಡಿಸಿಕೊಂಡು ಬಂದವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಪಕ್ಕದಲ್ಲಿ ಅವಳ ಮಾವ. ಕುರಿ ಕಾಯುವ ಮನೆತನ. ಅವಳ ಗಂಡ ಹಿಂಡಿನ ಜೊತೆ ಅಡ್ಡಾಡುತ್ತಾನೆ. ಮರಿಗಳನ್ನು, ಮೇವನ್ನು, ಸಂತೆಗೆ ಹೋಗುವ ಕುರಿಗಳನ್ನು ಸಾಗಿಸುವುದು ಈ ಗಾಡಿಯ ಕೆಲಸ. ಮನೆಯಲ್ಲಿ ಲೈಸೆನ್ಸ್ ಇರುವುದು ಸೊಸೆಗೆ ಮಾತ್ರ. ಅದನ್ನು ಮಾವನೇ ಮುಂದೆ ನಿಂತು ಮಾಡಿಸಿದ್ದ. ಹೆಣ್ಣುಮಗಳ ಕೈಗೆ ಸ್ಟೇರಿಂಗ್ ಕೊಟ್ಟನೆಂದು ಊರವರ ಬಾಯಿಗೆ ಬಿದ್ದವನು, ಅವರನ್ನೆಲ್ಲ ಸುಮ್ಮನಾಗಿಸಿದವನೂ ಹೌದು.

ಎರಡು ದಿನದ ಹಿಂದೆ ಮುಧೋಳದಿಂದ ಬರುವಾಗ ರೇಡಿಯೇಟರ್ ಸೋರತೊಡಗಿತ್ತಂತೆ. ದಾರಿಯಲ್ಲಿ ಸಿಕ್ಕ ಲಾರಿ ಡ್ರೈವರ್ ಒಬ್ಬ ಅರಿಷಿಣ ಪುಡಿ ಹಾಕು ಎಂದು ಹೇಳಿ ಹೋಗಿದ್ದ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಉಪಾಯ. ಆದರೆ ನಡುದಾರಿಯಲ್ಲಿ ಅರಿಷಿಣ ಎಲ್ಲಿಂದ ತರುವುದು? ಗಾಡಿಯಲ್ಲಿದ್ದದ್ದು ಸ್ಟೇರಿಂಗ್ ಬಳಿ ಕಟ್ಟಿದ ಭಂಡಾರದ ಚೀಲ ಮಾತ್ರ. ಬೀರಪ್ಪನ ಗುಡಿಯಲ್ಲಿ ಹಣೆಗೆ ಹಚ್ಚುವ, ಪಲ್ಲಕ್ಕಿಯ ಮೇಲೆ ತೂರುವ ಅರಿಷಿಣ. ಸೊಸೆ ದೇವರನ್ನು ನೆನೆದು, ಚೀಲವನ್ನೇ ರೇಡಿಯೇಟರಿಗೆ ಸುರಿದಿದ್ದಳು. ಗಾಡಿ ಮನೆ ಮುಟ್ಟಿತ್ತು. ನಿಜ ಹೇಳಬೇಕೆಂದರೆ ಅರಿಷಿಣ ಸೋರಿಕೆಯನ್ನು ಹಿಡಿಯುತ್ತದೆ. ಆದರೆ ತೂತನ್ನಷ್ಟೇ ಹಿಡಿದು ಸುಮ್ಮನಿರುವುದಿಲ್ಲ. ಒಳಗಿನ ಸಣ್ಣ ಸಣ್ಣ ಕೊಳವೆಗಳಲ್ಲೂ ಕೆಸರಾಗಿ ಕೂರುತ್ತದೆ. ಎಂಜಿನ್ ಕಾಯುತ್ತಿದ್ದದ್ದು ಅದಕ್ಕೇ.

ನಾನು ಎಂದಿನಂತೆ ಹೋಸ್ ಎಳೆದೆ. ಹಸಿರು ಕೂಲಂಟಿಗೆ ಅರಿಷಿಣ ಕೂಡಿದ ನೀರು ಭಸ್ಸನೆ ಬಂದು ನನ್ನ ಚಪ್ಪಲಿ, ಸ್ಪ್ಯಾನರು, ನೆಲದ ಆಯಿಲ್ ಕಲೆ ಎಲ್ಲದರ ಮೇಲೆ ಹರಿಯಿತು. ಮುದುಕ ತಟ್ಟನೆ ಚಪ್ಪಲಿ ಬಿಟ್ಟ. ಹೆಗಲ ಮೇಲಿನ ಟಾವೆಲ್ಲಿನಿಂದ ನೀರಿಗೆ ಅಡ್ಡ ಕಟ್ಟಿ, ಎರಡೂ ಕೈಯಿಂದ ಬಾಚಿ ಬಕೆಟ್ಟಿಗೆ ತುಂಬತೊಡಗಿದ. ಭಂಡಾರದ ನೀರು ಕಾಲಿಗೆ ಬೀಳಬಾರದು ಎಂದ. ಉಳಿದದ್ದನ್ನು ನಾನೂ ಬಕೆಟ್ಟಿಗೇ ಹಿಡಿದೆ. ಮೂರು ಸಲ ತೊಳೆದ ನೀರು ಬೇರೆ ಡಬ್ಬಿಗೆ ಹೋಯಿತು. ಮೊದಲ ಬಕೆಟ್ಟಿನಲ್ಲಿದ್ದದ್ದು ಮಾತ್ರ ಗಟ್ಟಿ ಕೂಲಂಟು. ಅದನ್ನು ಊರಿಗೆ ಒಯ್ದು, ಅಮಾವಾಸ್ಯೆಯ ದಿನ ಹೊಳೆಗೆ ಬಿಡುತ್ತೇನೆ ಎಂದು ಅವನು ಹೇಳಿದಾಗ ನಾನು ಹೂಂ ಎಂದೆ.

ಆ ಹೂಂ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಕೂಲಂಟು ವಿಷ ಎಂದು ನನಗೆ ಗೊತ್ತಿತ್ತು. ಅದು ಸಿಹಿ, ಹಾಗಾಗಿ ಜೀವಗಳು ನೆಕ್ಕುತ್ತವೆ ಎಂದೂ ಗೊತ್ತಿತ್ತು. ಹೊಸ ಕೂಲಂಟಿನ ಕ್ಯಾನನ್ನು ನಾನು ನೆಲದಲ್ಲಿ ಇಡುವುದಿಲ್ಲ, ಮೇಲಿನ ಹಲಗೆಯಲ್ಲಿ ಇಡುತ್ತೇನೆ. ಆದರೆ ಅಂದು ಹೊರಗೆ ಇನ್ನೆರಡು ಗಾಡಿ ಕಾಯುತ್ತಿದ್ದವು. ದೇವರ ಮಾತಿಗೆ ಎದುರಾಡಿ ಅರ್ಧ ತಾಸು ಕಳೆಯುವುದು ಯಾರಿಗೆ ಬೇಕು ಎಂದುಕೊಂಡೆ. ಬಕೆಟ್ಟು ನನ್ನ ಅಂಗಳದಿಂದ ಹೋದರೆ ಸಾಕಿತ್ತು. ಸೋರುವ ತೂತು ಮುಚ್ಚಿ, ಹೊಸ ಕೂಲಂಟ್ ತುಂಬಿ ಕಳಿಸಿದೆ.

ಆರನೆಯ ದಿನ ಗಾಡಿ ತಿರುಗಿ ಬಂತು. ಒಳಗೆ ಉಳಿದ ಕೆಸರು ಸಡಿಲಾಗಿ ಮತ್ತೆ ಕೊಳವೆ ಕಟ್ಟಿತ್ತು. ಇದು ನಡೆಯುವ ಸಂಗತಿಯೇ. ಆದರೆ ಸ್ಟೇರಿಂಗ್ ಹಿಡಿದವನು ಯಾರೋ ಬಾಡಿಗೆ ಡ್ರೈವರ್. ಸೊಸೆ ಎಲ್ಲಿ ಎಂದು ಕೇಳಿದೆ.

"ದೇವರ ಟಗರು ಹೋತರಿ, ಮಿಸ್ತ್ರಿ," ಎಂದ ಮುದುಕ.

ಬೀರಪ್ಪನ ಹೆಸರಿಗೆ ಬಿಟ್ಟ ಟಗರು. ಗುಡಿಯ ಅಂಗಳದ ಬೇವಿನ ಮರದ ಕೆಳಗೆ ಇರುತ್ತಿತ್ತು. ಎರಡು ದಿನ ಕುಡಿದವರ ಹಾಗೆ ತೂರಾಡಿ, ಏದುಸಿರು ಬಿಟ್ಟು, ಉಚ್ಚೆ ಕಟ್ಟಿ, ಮೂರನೆಯ ದಿನ ಸತ್ತಿತು. ಭಂಡಾರವನ್ನು ಎಂಜಿನ್ನಿಗೆ ಹಾಕಿದ್ದಕ್ಕೆ, ಅದು ಕಾಲಿಗೆ ಬಿದ್ದದ್ದಕ್ಕೆ ದೇವರು ಮುನಿದಿದ್ದಾನೆ ಎಂದು ಹಿರಿಯರು ಮಾತಾಡಿಕೊಂಡರು. ಹಾಕಿದವಳು ಸೊಸೆ. ಗುಡಿ ಹತ್ತಬಾರದು, ಗಾಡಿ ಮುಟ್ಟಬಾರದು ಎಂದಾಯಿತು. ಎಂದಿನವರೆಗೆ ಎಂದು ಯಾರೂ ಹೇಳಿರಲಿಲ್ಲ. ಅವಳು ಕೀಲಿಯನ್ನು ಮಾವನ ಕೈಗೆ ಕೊಟ್ಟಿದ್ದಳು.

ನಾನು ಆ ಬಕೆಟ್ಟು ಎಲ್ಲಿತ್ತು ಎಂದು ಕೇಳಿದೆ. ಗುಡಿಯ ಬೇವಿನ ಬುಡದಲ್ಲೇ, ಮೇಲೆ ಗೋಣಿ ಹೊದಿಸಿ ಇಟ್ಟಿದ್ದೆ ಎಂದ. ಅಮಾವಾಸ್ಯೆಗೆ ತೆಗೆದು ನೋಡಿದಾಗ ಅರ್ಧ ಕಡಿಮೆಯಾಗಿತ್ತು, ಬಿಸಿಲಿಗೆ ಆರಿರಬೇಕು. ಉಳಿದರ್ಧವನ್ನು ಹೊಳೆಗೆ ಬಿಟ್ಟು ಬಂದೆ ಎಂದೂ ಹೇಳಿದ.

ಬಿಸಿಲಿಗೆ ಆರಿದ್ದಲ್ಲ, ಟಗರು ಕುಡಿದದ್ದು. ಎಲ್ಲವೂ ಒಂದೇ ಗಳಿಗೆಯಲ್ಲಿ ಹೊಂದಿಕೊಂಡವು. ಆಗಲೇ ಹೇಳಬೇಕಿತ್ತು. ನಾನು ಹೇಳಲಿಲ್ಲ. ಗಾಡಿ ಬಿಟ್ಟು ಹೋಗ್ರಿ ಕಾಕಾ, ಈ ಸಲ ಒಂದು ಹನಿಯೂ ನೆಲಕ್ಕೆ ಬೀಳದ ಹಾಗೆ ಮಾಡುತ್ತೇನೆ ಎಂದೆ. ಮುದುಕನ ಕಣ್ಣಲ್ಲಿ ಎಷ್ಟು ಸಮಾಧಾನ ಕಂಡಿತೆಂದರೆ ನಾನು ಮುಖ ತಿರುಗಿಸಿ ಬಾನೆಟ್ ಎತ್ತಿದೆ. ಸಂಜೆ ಪರಿಚಯದ ಪಶುವೈದ್ಯರಿಗೆ ಫೋನ್ ಮಾಡಿ, ಯಾರದೋ ಕುರಿಯ ವಿಷಯವೆಂಬಂತೆ ಲಕ್ಷಣಗಳನ್ನು ಹೇಳಿದೆ. ಕೂಲಂಟ್ ಕುಡಿದರೆ ಹಾಗೆಯೇ ಆಗುತ್ತದೆ, ಕಿಡ್ನಿ ಹೋಗುತ್ತದೆ ಎಂದರು. ಸಂಶಯಕ್ಕೆ ಜಾಗವೇ ಉಳಿಯಲಿಲ್ಲ.

ಮುಂದಿನ ಆರೇಳು ದಿನ ಕೈಯಲ್ಲಿ ಕೆಲಸವಿತ್ತು, ಅದೇ ನನಗೆ ಬೇಕಾದದ್ದು. ಹೇಳಬೇಕಾದ ಮಾತಿನ ಬದಲಿಗೆ ನಲ್ಲಿಯೊಂದನ್ನು ಮಾಡಲು ಹೊರಟೆ.

ಮೊದಲ ಯೋಚನೆ ಸರಳವಾಗಿತ್ತು. ಪ್ಲಾಸ್ಟಿಕ್ ತಿರುಪನ್ನು ತೆಗೆದು ಆ ಜಾಗದಲ್ಲಿ ಹಿತ್ತಾಳೆಯ ಸಣ್ಣ ನಲ್ಲಿ ಕೂರಿಸುವುದು, ಅದಕ್ಕೊಂದು ಪೈಪು ಜೋಡಿಸಿ ಹೊರಗೆ ತರುವುದು. ಬಂಪರ್ ಬಿಚ್ಚಿ, ತಗಡು ಇಳಿಸಿ, ತಿರುಪು ತೆಗೆದೆ. ತೂತಿನಲ್ಲಿ ಅರಿಷಿಣ ಗಟ್ಟಿಯಾಗಿ ಕೂತಿದ್ದರಿಂದ, ತಂತಿಯಿಂದ ಚುಚ್ಚಿದ ಮೇಲೆಯೇ ನೀರು ಬಕೆಟ್ಟಿಗೆ ಇಳಿಯಿತು. ಅದು ಪೂರ್ತಿ ಇಳಿಯುವ ಮೊದಲೇ ಬೆರಳಿನಿಂದ ಒತ್ತಿ ತಿರುಪನ್ನು ತಿರುಗಿ ಹಾಕಿದೆ. ಆ ತಿರುಪಿನ ಸುತ್ತುಗೆರೆ ನಮ್ಮ ಅಂಗಡಿಗಳಲ್ಲಿ ಸಿಗುವ ಯಾವ ನಲ್ಲಿಗೂ ಹೊಂದುತ್ತಿರಲಿಲ್ಲ. ಹಳೆಯ ಗಾಡಿಯದೊಂದು ತಿರುಪನ್ನು ಕಿಸೆಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಜಮಖಂಡಿಗೆ, ಅಲ್ಲಿಂದ ಬನಹಟ್ಟಿಗೆ ಹೋದೆ.

ಬನಹಟ್ಟಿಯಲ್ಲಿ ಪವರ್‌ಲೂಮುಗಳ ಬಿಡಿಭಾಗ ಮಾಡುವ ಲೇತಿನವರೊಬ್ಬರಿದ್ದಾರೆ. ಮಗ್ಗದ ಸದ್ದಿನಲ್ಲಿ ಬೆಳೆದವರಿಗೆ ದನಿ ಎತ್ತರ, ಮಾತು ಕಡಿಮೆ. ತಿರುಪನ್ನು ಬೆಳಕಿಗೆ ಹಿಡಿದು, ಅಳತೆ ತೆಗೆದು, ಹಿತ್ತಾಳೆ ಬೇಡ, ಪ್ಲಾಸ್ಟಿಕ್ ಕಾದಾಗ ಒಂದು ಥರ ಹಿಗ್ಗುತ್ತದೆ, ಹಿತ್ತಾಳೆ ಇನ್ನೊಂದು ಥರ ಎಂದರು. ನಾನು ಹಟ ಹಿಡಿದೆ. ಅವರು ಮಾಡಿಕೊಟ್ಟರು. ತಂದು ಕೂರಿಸಿದೆ, ಎಂಜಿನ್ ಚಾಲೂ ಮಾಡಿ ಬಿಸಿ ಏರಿಸಿದೆ. ಇಪ್ಪತ್ತು ನಿಮಿಷಕ್ಕೆ ನಲ್ಲಿಯ ಬುಡದಲ್ಲಿ ಕೂದಲೆಳೆಯಂಥ ಸೀಳು ಬಿಟ್ಟು ಹನಿಯತೊಡಗಿತು. ರೇಡಿಯೇಟರಿನ ಕೆಳಗಿನ ಡಬ್ಬಿಯೇ ಹೋಯಿತು. ಮರುದಿನ ನನ್ನ ಖರ್ಚಿನಲ್ಲಿ ಬೇರೆ ರೇಡಿಯೇಟರ್ ಹುಡುಕಿ ಹಾಕಿದೆ. ಒಂದು ರೀತಿಯಲ್ಲಿ ಅದು ಒಳ್ಳೆಯದೇ ಆಯಿತು, ಕೆಸರು ಕಟ್ಟಿದ ಹಳೆಯದು ಹೊರಗೆ ಬಂತು. ಎಂಜಿನ್ನಿನೊಳಗಿನ ಅರಿಷಿಣ ಮಾತ್ರ ಉಳಿದಿತ್ತು.

ಮತ್ತೆ ಬನಹಟ್ಟಿ. ಈ ಸಲ ಕೇಳುವ ಬುದ್ಧಿ ಇಟ್ಟುಕೊಂಡು ಹೋಗಿದ್ದೆ. ಲೇತಿನವರು ತಿರುಗಿ ತಂದ ನಲ್ಲಿಯನ್ನು ನೋಡಿ ನಗಲಿಲ್ಲ.

"ರೇಡಿಯೇಟರಿನ ಮೂಲಿ ಬಿಡ್ರಿ. ನೀವು ಹೆಂಗಿದ್ದರೂ ಹೋಸ್‌ನಿಂದನ ನೀರು ಇಳಸ್ತೀರಿ. ಹೋಸ್‌ನ್ಯಾಗ ನಲ್ಲಿ ಇಡ್ರಿ," ಎಂದರು.

ಇಷ್ಟು ವರ್ಷ ಎಳೆದು ಎಳೆದು ಬಿಸಾಡಿದ ಪೈಪಿನಲ್ಲೇ ಉತ್ತರವಿತ್ತು. ಹೋಸ್ ಎಲ್ಲಿ ಎಲ್ಲಕ್ಕಿಂತ ಕೆಳಗೆ ಬಾಗುತ್ತದೋ ಅಲ್ಲಿ ಕತ್ತರಿಸಿ, ನಡುವೆ ಒಂದು ಕಬ್ಬಿಣದ ತುಂಡುಕೊಳವೆ ಸೇರಿಸುವುದು. ಆ ಕೊಳವೆಯ ಹೊಟ್ಟೆಗೆ ಕೆಳಮುಖವಾಗಿ ಒಂದು ಬಾಯಿ, ಬಾಯಿಗೆ ಹಿಡಿಕೆ ತಿರುಗಿಸಿ ತೆರೆಯುವ ಬಾಲ್ ವಾಲ್ವ್. ಕೊಳವೆಯ ಎರಡೂ ತುದಿಗೆ ಅವರು ಒಂದು ಸಣ್ಣ ಉಬ್ಬು ಏಣು ಬಿಟ್ಟರು, ಒತ್ತಡಕ್ಕೆ ಹೋಸ್ ಜಾರದಿರಲು. ತುಕ್ಕು ಹಿಡಿಯದಂತೆ ಕಲಾಯಿ ಹಾಕಿಸಿದೆ. ವಾಲ್ವಿನಿಂದ ಒಂದು ಮೊಳ ರಬ್ಬರ್ ಪೈಪನ್ನು ಎಡಗಡೆಯ ಮುಂದಿನ ಗಾಲಿಯ ಹಿಂದಕ್ಕೆ ತಂದು, ಚಾಸಿಗೆ ಪಟ್ಟಿ ಕಟ್ಟಿ, ತುದಿಗೆ ಬಿರಡೆ ಹಾಕಿದೆ.

ಅಲ್ಲಿಗೂ ಮುಗಿಯಲಿಲ್ಲ. ಮೊದಲ ಓಡಾಟದಲ್ಲೇ, ತಗ್ಗುದಿಣ್ಣೆಯ ರಸ್ತೆಯಲ್ಲಿ ಅದುರಿ ಅದುರಿ ವಾಲ್ವಿನ ಹಿಡಿಕೆ ಕಾಲುಭಾಗ ತಿರುಗಿತ್ತು. ಬಿರಡೆ ಇಲ್ಲದಿದ್ದರೆ ಊರ ಹೊರಗೆ ಎಂಜಿನ್ ಸುಟ್ಟು ಕೂರುತ್ತಿತ್ತು. ಹಿಡಿಕೆ ಮುಚ್ಚಿದಾಗ ಅದರ ತೂತಿನಲ್ಲಿ ಒಂದು ಪಿನ್ನು ತೂರಿ ಬಾಗಿಸುವಂತೆ ಮಾಡಿದೆ. ಪಿನ್ ತೆಗೆಯದೆ ಈಗ ಅದು ಅಲುಗಾಡುವುದಿಲ್ಲ. ಹೋಸಿನಿಂದ ಇಳಿಸಿದರೂ ಎಂಜಿನ್ನಿನ ಒಳಗೆ ಎರಡು ಲೀಟರಿನಷ್ಟು ನಿಲ್ಲುತ್ತದೆ. ಅದಕ್ಕೆ ತೊಳೆಯುವ ನೀರೇ ಗತಿ, ಎರಡು ಮೂರು ಸಲ ತುಂಬಿ ಇಳಿಸಬೇಕು. ಆದರೆ ಈಗ ಇಳಿಸುವುದೇ ಸುಲಭವಾದ್ದರಿಂದ ಅದು ಬೇಸರದ ಕೆಲಸವಲ್ಲ.

ಮುದುಕ ಬಂದ ದಿನ ಅವನೆದುರೇ ಇಳಿಸಿ ತೋರಿಸಿದೆ. ಎಂಜಿನ್ ತಣ್ಣಗಿತ್ತು. ರೇಡಿಯೇಟರಿನ ಮುಚ್ಚಳ ಬಿಚ್ಚಿ, ಬಿರಡೆ ತೆಗೆದು, ಪೈಪಿನ ತುದಿಯನ್ನು ಕ್ಯಾನಿನ ಬಾಯಿಗೆ ಇಟ್ಟು, ಪಿನ್ ಎಳೆದು ಹಿಡಿಕೆ ತಿರುಗಿಸಿದೆ. ನಾನು ಮಲಗಿರಲಿಲ್ಲ, ಕುಕ್ಕುರುಗಾಲಲ್ಲಿ ಕೂತಿದ್ದೆ. ಎಂಜಿನ್ನಿನಲ್ಲಿ ಉಳಿದಿದ್ದ ಅರಿಷಿಣವೂ ಕೂಡಿ ಹಳದಿ ಹಸಿರು ನೀರು ಎಣ್ಣೆಯ ಧಾರೆಯ ಹಾಗೆ ಸದ್ದಿಲ್ಲದೆ ಕ್ಯಾನಿಗೆ ಇಳಿಯಿತು. ಐದು ನಿಮಿಷ. ನೆಲ ಒಣಗಿಯೇ ಇತ್ತು. ಇಷ್ಟು ಚೊಕ್ಕ ಕೆಲಸವನ್ನು ನಾನು ನನ್ನ ಜನ್ಮದಲ್ಲಿ ಮಾಡಿರಲಿಲ್ಲ.

ಮುದುಕ ಬಗ್ಗಿ ನೆಲವನ್ನು ಕೈಯಿಂದ ಸವರಿ ನೋಡಿದ. ಆಮೇಲೆ ಕ್ಯಾನಿಗೆ ಕೈ ಮುಗಿದು, ಅದರ ಹಿಡಿಕೆಗೆ ಕೈ ಹಾಕಿದ. ಇದನ್ನು ಹೊಳೆಗೆ ಬಿಡುತ್ತೇನೆ, ಒಂದು ಹನಿ ಕಾಲಿಗೆ ಬಿದ್ದಿಲ್ಲ, ಇನ್ನಾದರೂ ದೇವರು ನನ್ನ ಸೊಸೆಯ ಮೇಲಿನ ಸಿಟ್ಟು ಬಿಟ್ಟಾನು ಎಂದ.

ನಾನು ಕ್ಯಾನು ಬಿಡಲಿಲ್ಲ. ಅವನೂ ಬಿಡಲಿಲ್ಲ. ಇಬ್ಬರೂ ಒಂದೇ ಹಿಡಿಕೆ ಹಿಡಿದು ನಿಂತಿದ್ದೆವು. ಹೊಳೆಯ ದಂಡೆಯಲ್ಲಿ ನೀರು ಕುಡಿಯುವ ಹಿಂಡುಗಳು ಕಣ್ಣಿಗೆ ಬಂದವು. ಮೊದಲ ಸಲ ಅರ್ಧ ವಿಷವನ್ನು ಗ್ಯಾರೇಜಿನ ಮಣ್ಣಾದರೂ ಕುಡಿದಿತ್ತು. ಈ ಸಲ ನನ್ನ ಜಾಣತನದಿಂದ ಒಂದು ಹನಿಯೂ ಹಾಳಾಗದೆ ಕ್ಯಾನಿನಲ್ಲಿ ತುಂಬಿತ್ತು.

"ಕಾಕಾ, ಟಗರು ದೇವರ ಸಿಟ್ಟಿಗೆ ಸತ್ತಿಲ್ಲ," ಎಂದೆ. "ಈ ನೀರು ಕುಡದು ಸತ್ತೈತಿ. ಇದು ವಿಷ. ಬಕೇಟ ನಿಮ್ಮ ಕೈಯಾಗ ಕೊಟ್ಟಾಂವ ನಾ."

ಅವನು ಹಿಡಿಕೆ ಬಿಟ್ಟ. ಅಲ್ಲಿ ಬಿದ್ದಿದ್ದ ಹಳೆ ಟಾಯರಿನ ಮೇಲೆ ಕೂತ. ಬೈಯುತ್ತಾನೆ ಎಂದು ಕಾದೆ, ಬೈದರೆ ಹಗುರಾಗುತ್ತಿತ್ತು.

"ಅವತ್ತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತರಿ."

"ಹಂಗಾರ ನನಗ ಹೇಳಿ ಏನ್ ಮಾಡ್ತೀರಿ? ಯಾರ ಮುಂದ ಆಕಿ ತಲಿ ತಗ್ಗಿಸ್ಯಾಳೋ, ಅವರ ಮುಂದ ಬಂದು ಹೇಳ್ರಿ."

ಹೊಸ ಕೂಲಂಟ್ ತುಂಬಿ, ಅನಗವಾಡಿಗೆ ನಾವಿಬ್ಬರೂ ಅದೇ ಗಾಡಿಯಲ್ಲಿ ಹೋದೆವು. ಗಾಡಿ ನಾನೇ ಓಡಿಸಿದೆ. ದಾರಿಯುದ್ದಕ್ಕೂ ಎಂಜಿನ್ನಿನ ಕಾವು ತೋರಿಸುವ ಮುಳ್ಳು ನಡುವೆಯೇ ನಿಂತಿತ್ತು. ಬೇರೆ ದಿನವಾಗಿದ್ದರೆ ಅದನ್ನು ನೋಡಿ ಹಿಗ್ಗುತ್ತಿದ್ದೆ. ಗುಡಿಯ ಅಂಗಳದಲ್ಲಿ ಪೂಜಾರಿಯೂ ನಾಲ್ಕೈದು ಹಿರಿಯರೂ ಸೇರಿದರು. ಬೇವಿನ ಬುಡದಲ್ಲಿ ಟಗರಿನ ಗೂಟ ಹಾಗೆಯೇ ಇತ್ತು. ಸೊಸೆಯನ್ನು ಕರೆಸಿದರು, ಅವಳು ಅಂಗಳದೊಳಗೆ ಬರದೆ ಕಲ್ಲಿನ ಗೋಡೆಯ ಆಚೆ ನಿಂತಳು.

ನಾನು ಹೇಳಿದೆ. ಕೂಲಂಟ್ ಎಂದರೇನು, ಏಕೆ ಹಾಕುತ್ತಾರೆ, ಅದು ಸಿಹಿ ಇರುತ್ತದೆ, ಕುಡಿದ ಪ್ರಾಣಿ ಹೇಗೆ ಸಾಯುತ್ತದೆ, ಎಲ್ಲವನ್ನೂ. ಗೊತ್ತಿದ್ದೂ ಸುಮ್ಮನಿದ್ದೆ ಎನ್ನುವುದನ್ನು ಎರಡು ಸಲ ಹೇಳಿದೆ, ಗೋಡೆಯ ಆಚೆಗೂ ಕೇಳಲಿ ಎಂದು. ಯಾರೋ ಒಬ್ಬರು, ಹಾಗಾದರೆ ಭಂಡಾರ ಎಂಜಿನ್ನಿಗೆ ಹಾಕಿದ್ದು ತಪ್ಪಲ್ಲವೇ ಎಂದು ಕೇಳಿದರು. ಪೂಜಾರಿ ಉತ್ತರಿಸಿದ.

"ದಾರ್ಯಾಗ ದೇವರನ್ನ ನೆನಸಿ ಹಾಕ್ಯಾಳ. ಅದು ತಪ್ಪಲ್ಲ. ಮುಂದ ಹಾಕಬ್ಯಾಡ ಅನ್ನೂಣು. ತಪ್ಪು ಆಕೀದು ಅಂತ ನಾವು ಅಂದದ್ದು, ಅದು ತಪ್ಪು."

ಸೊಸೆ ಒಳಗೆ ಬಂದಳು. ನನ್ನನ್ನು ದಾಟಿ ಹೋಗುವಾಗ ನಿಂತಳು.

"ಅಣ್ಣಾರ, ಅವತ್ತ ಒಂದ್ ಮಾತು ಅಂದಿದ್ರ ಸಾಕಿತ್ತು," ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ಅದಕ್ಕೇ ಅದು ಇಂದಿಗೂ ಕಿವಿಯಲ್ಲಿದೆ. ಮೆಟ್ಟಿಲು ಹತ್ತಿ ದೇವರೆದುರು ಕೂತಳು. ಹೊರಗೆ ಬಂದಾಗ ಹಣೆಯ ತುಂಬ ಭಂಡಾರವಿತ್ತು. ಮಾವ ಕಿಸೆಯಿಂದ ಕೀಲಿ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಮೊದಲ ಸಲ ಗಾಡಿಯನ್ನು ಅವಳ ಕೈಗೆ ಒಪ್ಪಿಸಿದಾಗಲೂ ಅವನು ಹಾಗೆ ಕೊಟ್ಟಿರಲಿಕ್ಕಿಲ್ಲ. ನನ್ನನ್ನು ಬೀಳಗಿಗೆ ತಿರುಗಿ ಬಿಟ್ಟವಳು ಅವಳೇ. ದಾರಿಯಲ್ಲಿ ಆ ನಲ್ಲಿಯನ್ನು ಹೇಗೆ ತೆರೆಯುವುದು ಎಂದಷ್ಟೇ ಕೇಳಿದಳು.

ಟಗರಿಗೆ ಬದಲು ಟಗರು ತಂದುಕೊಡುತ್ತೇನೆ ಎಂದೆ. ಒಪ್ಪಲಿಲ್ಲ. ದೇವರಿಗೆ ಬಿಟ್ಟದ್ದನ್ನು ಗ್ಯಾರೇಜಿನವನು ತುಂಬಿಕೊಡುವುದಲ್ಲ ಎಂದು ಮುದುಕ ಹೇಳಿದ. ಅದು ಮಾಫಿ ಕೊಟ್ಟ ಮಾತೋ ಕೊಡದ ಮಾತೋ ನನಗಿನ್ನೂ ತಿಳಿದಿಲ್ಲ.

ಅಲ್ಲಿಂದೀಚೆಗೆ ನನ್ನ ಗ್ಯಾರೇಜಿನಲ್ಲಿ ಹೋಸ್ ಎಳೆದು ಕೂಲಂಟ್ ಚೆಲ್ಲುವುದು ನಿಂತಿದೆ. ಎಷ್ಟೋ ಪಿಕಪ್ಪುಗಳಿಗೆ ಬನಹಟ್ಟಿಯ ಆ ತುಂಡುಕೊಳವೆ ಹಾಕಿದ್ದೇನೆ. ಇಳಿಸುವುದು ಸುಲಭವೆಂದು ಗೊತ್ತಾದ ಮೇಲೆ ಜನ ಹೊತ್ತಿಗೆ ಸರಿಯಾಗಿ ಇಳಿಸಲು ಬರುತ್ತಾರೆ, ಬೋರ್‌ವೆಲ್ಲಿನ ಸವುಳು ನೀರು ಸುರಿದು ಓಡಿಸುವುದು ಕಡಿಮೆಯಾಗಿದೆ. ಇಳಿಸಿದ್ದೆಲ್ಲ ಒಂದು ಡ್ರಮ್ಮಿಗೆ ಹೋಗುತ್ತದೆ. ಹಳೆ ಆಯಿಲ್ ಒಯ್ಯುವವರು ಅದನ್ನು ಒಯ್ಯಲು ಒಪ್ಪುವುದಿಲ್ಲ. ಹಾಗಾಗಿ ಡ್ರಮ್ಮು ನನ್ನ ಹಿಂದಿನ ಕೋಣೆಯಲ್ಲೇ ಇದೆ, ಬೀಗ ಹಾಕಿ. ತುಂಬುತ್ತ ಬಂದಿದೆ. ಎಲ್ಲಿ ಕೊಡಬೇಕೆಂದು ಇನ್ನೂ ಕೇಳುತ್ತಿದ್ದೇನೆ.

ಅನಗವಾಡಿಯ ಗಾಡಿ ಈಗಲೂ ಬರುತ್ತದೆ. ಸ್ಟೇರಿಂಗ್ ಬಳಿ ಭಂಡಾರದ ಹೊಸ ಚೀಲವಿದೆ. ಸೊಸೆ ನನ್ನ ಕೈಗೆ ಕೆಲಸ ಕೊಡುವುದಿಲ್ಲ. ತಾನೇ ಕ್ಯಾನು ತರುತ್ತಾಳೆ, ಕುಕ್ಕುರುಗಾಲಲ್ಲಿ ಕೂತು ಬಿರಡೆ ತೆಗೆಯುತ್ತಾಳೆ, ಪಿನ್ ಎಳೆಯುತ್ತಾಳೆ. ಹಿಡಿಕೆಯ ಮೇಲೆ ಕೈ ಇಟ್ಟು, ತಿರುಗಿಸುವ ಮೊದಲು, ಅಲ್ಲಿ ಯಾರೇ ನಿಂತಿರಲಿ, ಎಷ್ಟೇ ಗಿರಾಕಿ ಇರಲಿ, ನನ್ನ ಕಡೆ ತಿರುಗಿ ಕೇಳುತ್ತಾಳೆ.

"ಇದು ಏನ್ರಿ, ಅಣ್ಣಾರ?"

"ವಿಷರಿ," ಎನ್ನುತ್ತೇನೆ.

ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ ಮೇಲೆಯೇ ಅವಳು ನಲ್ಲಿ ತಿರುಗಿಸುತ್ತಾಳೆ.